ಜನ್ಮತಃ ರೋಗರಕ್ಷೆ ಕುಂದಿದವರೂ ಕೊರೋನಾ ವ್ಯಾಧಿಯೂ



ಕೊರೋನಾ ವ್ಯಾಧಿಯು ಲೋಕವನ್ನಾವರಿಸಿದ 2020ನೆಯ ಇಸವಿಯ ಮೊದಲ ತಿಂಗಳುಗಳಲ್ಲಿ, ಆ ವೈರಾಣು ಯಾರನ್ನು ಕೊಂಡೊಯ್ದೀತು, ಯಾರನ್ನು ಉಳಿಸೀತು ಎಂಬುದು ಯಾವ ವೈದ್ಯನಿಗೂ ನಿಶ್ಚಯವಾಗಿ ತಿಳಿಯದಿದ್ದಾಗಲೂ, ಒಂದು ವರ್ಗದ ಜನರ ವಿಷಯದಲ್ಲಿ ಮಾತ್ರ ಬಹುಮಂದಿಯ ಊಹೆ ಒಂದೇ ಆಗಿತ್ತು: ರೋಗವನ್ನೆದುರಿಸುವ ಶಕ್ತಿಯಲ್ಲಿ ಜನ್ಮತಃ ನ್ಯೂನತೆಯುಳ್ಳವರು ಇದಕ್ಕೆ ಮೊದಲ ಆಹುತಿಯಾಗುವರು ಎಂದು. ಆ ಊಹೆ ಕೆಲವರ ಪಾಲಿಗೆ ದಿಟವಾಯಿತು. ಆದರೆ ಅತ್ಯಂತ ಖಚಿತವೆಂದು ಎಣಿಸಿದ್ದ ಕಡೆಯಲ್ಲಿಯೇ ಅದು ಹುಸಿಯಾಯಿತು.

ಇಂತಹ ಜನ್ಮಜಾತ ನ್ಯೂನತೆಗಳು ಒಂದೆರಡಲ್ಲ; 2022ರಲ್ಲಿ ಅಂತರರಾಷ್ಟ್ರೀಯ ತಜ್ಞಮಂಡಲಿಯೊಂದು ಪರಿಷ್ಕರಿಸಿದ ಪಟ್ಟಿಯಲ್ಲಿ ಅವುಗಳ ಸಂಖ್ಯೆ 485. ಇವುಗಳಲ್ಲಿ ಬಹು ಹಿಂದೆಯೇ ಗುರುತಿಸಲ್ಪಟ್ಟುದೊಂದನ್ನು ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯ ವೈದ್ಯ ಆಗ್ಡನ್ ಬ್ರೂಟನ್ 1952ರಲ್ಲಿ ವರ್ಣಿಸಿದನು. ಮತ್ತೆ ಮತ್ತೆ ನಂಜೇರಿ ಆಸ್ಪತ್ರೆ ಸೇರುತ್ತಿದ್ದ ಎಂಟು ವರ್ಷದ ಬಾಲಕನೊಬ್ಬನ ರಕ್ತರಸವನ್ನು ವಿದ್ಯುತ್ತಿನ ನೆರವಿನಿಂದ ಬೇರ್ಪಡಿಸಿ ನೋಡಿದಾಗ, ಪ್ರತಿಕಾಯಗಳು ಅಡಗಿರುವ ಗಾಮಾ ಗ್ಲಾಬ್ಯುಲಿನ್ ಎಂಬ ಅಂಶವೇ ಅಲ್ಲಿ ಇರಲಿಲ್ಲ. ಬೇರೆಯವರ ರಕ್ತದಿಂದ ತೆಗೆದ ಆ ಅಂಶವನ್ನು ತಿಂಗಳಿಗೊಮ್ಮೆ ಚರ್ಮದಡಿಯಲ್ಲಿ ಚುಚ್ಚಿ ಕೊಡಲಾರಂಭಿಸಿದ ಮೇಲೆ ಆ ಬಾಲಕನು ನಂಜಿನ ಕಾಟದಿಂದ ಬಿಡುಗಡೆ ಹೊಂದಿದನು. ಪ್ರತಿಕಾಯಗಳನ್ನು ತಯಾರಿಸುವ ಬಿ ಜೀವಕೋಶಗಳು ಬಲಿಯಬೇಕಾದರೆ ಒಂದು ಕಿಣ್ವವು ಅವಶ್ಯವೆಂದೂ, ಅದರ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿರುವುದೆಂದೂ, ಆದುದರಿಂದಲೇ ತಾಯಿಯು ತಾನು ಆರೋಗ್ಯವಾಗಿದ್ದು ಈ ದೋಷವನ್ನು ಗಂಡುಮಗುವಿಗೆ ದಾಟಿಸಬಹುದೆಂದೂ 1993ರ ವೇಳೆಗೆ ಸ್ಪಷ್ಟವಾಯಿತು.

ಹೀಗೆ ಪ್ರತಿಕಾಯಗಳೇ ಇಲ್ಲದವನಿಗೆ ಹೊಸ ವೈರಾಣು ತಗುಲಿದರೆ ಗತಿಯೇನು? ಇಟಲಿಯ ಬ್ರೆಷಿಯಾ ನಗರದಲ್ಲಿ, ಸುತ್ತಲೂ ಸಾವಿನ ಸುದ್ದಿಯೇ ತುಂಬಿದ್ದ ಆ ದಿನಗಳಲ್ಲಿ, ಬ್ರೂಟನ್ ರೋಗದ ಇಬ್ಬರಿಗೆ ಕೊರೋನಾ ತಗುಲಿ ನ್ಯುಮೋನಿಯಾ ಬಂದರೂ, ತೀವ್ರ ನಿಗಾ ಘಟಕವನ್ನು ಕಾಣದೆಯೇ ಅವರು ಚೇತರಿಸಿಕೊಂಡರು. ರೋಮ್ ನಗರದ ತಜ್ಞರು ಕಂಡುದೂ ಇದನ್ನೇ ಹೋಲುತ್ತಿತ್ತು. ಅಷ್ಟೇ ಅಲ್ಲದೆ, ಬಿ ಜೀವಕೋಶಗಳಿದ್ದೂ ಅವು ನೆಟ್ಟಗೆ ಕೆಲಸಮಾಡದ ಮತ್ತೊಂದು ನ್ಯೂನತೆಯವರು, ಆ ಕೋಶಗಳೇ ಇಲ್ಲದವರಿಗಿಂತ ಹೆಚ್ಚು ನರಳಿದರು. ರೋಗಿಗಳ ಸಂಖ್ಯೆ ಅಲ್ಪವಾಗಿತ್ತೆಂಬುದು ನಿಜ. ಹಾಗಿದ್ದರೂ, ಕಾಯಿಲೆ ಬಂದವನ ದೇಹದಲ್ಲಿ ಪ್ರತಿಕಾಯ ಹುಟ್ಟಿತೇ ಇಲ್ಲವೇ ಎಂಬುದನ್ನೇ ಗುಣವಾಗುವಿಕೆಯ ಮುಖ್ಯ ಲಕ್ಷಣವೆಂದು ಎಣಿಸುತ್ತಿದ್ದ ನಮ್ಮೆಲ್ಲರಿಗೂ ಇದು ಮಹತ್ತ್ವದ ಪಾಠ. ಸೋಂಕಿದ ಕೋಶಗಳನ್ನು ಹುಡುಕಿ ನಾಶಪಡಿಸುವ ಟಿ ಜೀವಕೋಶಗಳು ಈ ರೋಗಿಗಳಲ್ಲಿ ಕುಂದಿಲ್ಲವಷ್ಟೆ. ಅವುಗಳ ಬಲದಿಂದಲೇ ಅನೇಕರು ಪಾರಾದರೆಂದು ತಿಳಿಯಬೇಕು. ಬಿ ಜೀವಕೋಶಗಳನ್ನು ಬಲಿಸುವ ಆ ಕಿಣ್ವವಿಲ್ಲದಿರುವುದೇ ಉರಿಯೂತವನ್ನು ತಗ್ಗಿಸಿ ಅವರನ್ನು ಕಾಪಾಡಿತೆಂದು ಊಹಿಸಿದವರೂ ಉಂಟು; ಆದರೆ ಅದೇ ಕಿಣ್ವವನ್ನು ತಡೆಯುವ ಔಷಧವೊಂದನ್ನು ಆಸ್ಪತ್ರೆಯಲ್ಲಿದ್ದ ಕೊರೋನಾ ರೋಗಿಗಳಿಗೆ ಕೊಟ್ಟು ನೋಡಿದಾಗ ನಿರೀಕ್ಷಿತ ಫಲ ದೊರೆಯಲಿಲ್ಲ.

ಇದರಿಂದ ಅವರು ಸುರಕ್ಷಿತರೆಂದು ಭಾವಿಸಲಾಗದು. ಇಂಗ್ಲೆಂಡಿನಲ್ಲಿ ಬ್ರೂಟನ್ ರೋಗದ ತರುಣನೊಬ್ಬನನ್ನು ಕೊರೋನಾ ಜ್ವರವು ವಾರಗಟ್ಟಲೆ ಬಿಡದೆ ಕಾಡಿತು. ರೆಮ್ಡೆಸಿವಿರ್ ಔಷಧವನ್ನು ಕೊಟ್ಟೊಡನೆ ಒಂದೆರಡು ದಿನಗಳಲ್ಲಿಯೇ ಜ್ವರವಿಳಿಯಿತು, ಉಸಿರಾಟ ಸರಾಗವಾಯಿತು. ಔಷಧವನ್ನು ನಿಲ್ಲಿಸಿದ ಸ್ವಲ್ಪ ಕಾಲದಲ್ಲಿಯೇ ಜ್ವರ ಮರಳಿತು. ಮತ್ತೊಮ್ಮೆ ಔಷಧವನ್ನು ಕೊಟ್ಟು, ಗುಣಮುಖರಾದವರ ಪ್ಲಾಸ್ಮಾವನ್ನೂ ಏರಿಸಬೇಕಾಯಿತು. ಟಿ ಜೀವಕೋಶಗಳು ಪ್ರಾಣವನ್ನುಳಿಸಬಲ್ಲವು. ಪ್ರತಿಕಾಯಗಳಿಲ್ಲದೆ ವೈರಾಣುವನ್ನು ಸಂಪೂರ್ಣವಾಗಿ ಹೊರಗಟ್ಟುವುದು ಮಾತ್ರ ಬಹಳ ಕಷ್ಟ.

ಪ್ರತಿಕಾಯಗಳೂ ಟಿ ಜೀವಕೋಶಗಳೂ ಸಜ್ಜಾಗಲು ದಿನಗಳೇ ಹಿಡಿಯುತ್ತವೆ. ಸೋಂಕಿದ ಗಳಿಗೆಗಳಲ್ಲಿಯೇ ನೆರೆಯ ಕೋಶಗಳನ್ನೆಚ್ಚರಿಸುವ ಕಾರ್ಯವು, 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಕಂಡುಹಿಡಿದ ಇಂಟರ್‌ಫೆರಾನ್ ಎಂಬ ವಸ್ತುವಿನದು. ನೆದರ್‌ಲ್ಯಾಂಡ್ಸ್‌ನಲ್ಲಿ, ಅದುವರೆಗೆ ಯಾವ ದೀರ್ಘರೋಗವನ್ನೂ ಕಾಣದಿದ್ದ ನಾಲ್ವರು ತರುಣರು, ಎರಡು ಮನೆತನಗಳ ಅಣ್ಣತಮ್ಮಂದಿರು, ಕೊರೋನಾದಿಂದ ಕೃತಕ ಉಸಿರಾಟದ ಯಂತ್ರವನ್ನಾಶ್ರಯಿಸಬೇಕಾಗಿ ಬಂದು, ಅವರಲ್ಲೊಬ್ಬನು ತೀರಿಕೊಂಡನು. ವೈರಾಣುವನ್ನು ಗುರುತಿಸಿ ಇಂಟರ್‌ಫೆರಾನ್‌ಗೆ ಕರೆಕೊಡುವ ಒಂದು ವಂಶವಾಹಿಯು ನಾಲ್ವರಲ್ಲಿಯೂ ಕೆಟ್ಟಿತ್ತು. ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾನಿಲಯದ ಕಸನೋವಾ ಎಂಬ ವಿದ್ವಾಂಸನೂ ಅವನ ಸಹವರ್ತಿಗಳೂ 2020ರಲ್ಲಿ ಪ್ರಕಟಿಸಿದುದು ಇನ್ನೂ ಗಂಭೀರವಾದುದು: ಪ್ರಾಣಾಪಾಯಕ್ಕೊಳಗಾದ 987 ರೋಗಿಗಳಲ್ಲಿ 101 ಮಂದಿಯ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನನ್ನು ಕಟ್ಟಿಹಾಕುವ ಪ್ರತಿಕಾಯಗಳಿದ್ದವು, ಅವರಲ್ಲಿ 95 ಮಂದಿ ಗಂಡಸರು; ಸೋಂಕು ಲಘುವಾಗಿ ಹಾದುಹೋದ 663 ಮಂದಿಯಲ್ಲಿ ಒಬ್ಬರಲ್ಲಿಯೂ ಅವು ಇರಲಿಲ್ಲ. ಮೇಲುನೋಟಕ್ಕೆ ದೃಢಕಾಯರಾದವರಲ್ಲಿ ಇಂತಹ ಗುಪ್ತ ದೌರ್ಬಲ್ಯವಿರಬಹುದೆಂಬ ತಿಳಿವನ್ನು, ಅಪರೂಪದ ರೋಗಗಳನ್ನು ಬಹುಕಾಲ ತಾಳ್ಮೆಯಿಂದ ಅಭ್ಯಸಿಸಿದವರೇ ನಮಗೆ ಒದಗಿಸಿಕೊಟ್ಟರು.

ಇನ್ನು ಪ್ರತಿಕಾಯಗಳಿಲ್ಲದ ರೋಗಿಗಳ ನಿತ್ಯಜೀವನದ ಮಾತು. ಮೂರು ನಾಲ್ಕು ವಾರಗಳಿಗೊಮ್ಮೆ ಆಸ್ಪತ್ರೆಯ ಮಂಚದ ಮೇಲೆ ಹಲವು ಗಂಟೆಗಳ ಕಾಲ ಮಲಗಿ, ಇಮ್ಯುನೊಗ್ಲಾಬ್ಯುಲಿನ್ ಎಂಬ ದ್ರವವನ್ನು ಹನಿಹನಿಯಾಗಿ ರಕ್ತನಾಳಕ್ಕೆ ಏರಿಸಿಕೊಳ್ಳುವುದು ಇವರಲ್ಲಿ ಅನೇಕರ ಜೀವನಾಧಾರ. ಸಾವಿರಾರು ದಾನಿಗಳ ರಕ್ತರಸವನ್ನು ಒಟ್ಟುಗೂಡಿಸಿ ತಯಾರಿಸುವುದರಿಂದ, ದಾನಿಗಳಲ್ಲಿ ಸೋಂಕೂ ಲಸಿಕೆಯೂ ವ್ಯಾಪಿಸಿದಂತೆಲ್ಲ ಆ ದ್ರವದಲ್ಲಿ ಕೊರೋನಾ ಪ್ರತಿಕಾಯಗಳು ಸೇರಿಕೊಂಡವು; ಲಸಿಕೆ ಹಾಕಿಸಿಕೊಂಡು ರಕ್ತರಸವನ್ನಿತ್ತ ಅಜ್ಞಾತ ದಾನಿಯು ಇಂತಹ ಮಗುವಿನ ರಕ್ಷಕನಾದನೆಂದರೆ ಅದು ಅಲಂಕಾರದ ಮಾತಲ್ಲ. ಆದರೆ ಇದೇ ಕಾರಣದಿಂದ, ಇವರ ರಕ್ತದಲ್ಲಿ ಪ್ರತಿಕಾಯಗಳನ್ನು ಹುಡುಕಿ ಕೊರೋನಾ ತಗುಲಿದೆಯೇ ಎಂದು ನಿರ್ಣಯಿಸುವುದು ವ್ಯರ್ಥ: ಸ್ವಂತದ್ದು ಹುಟ್ಟದು, ಕಾಣಿಸಿದ್ದು ಪರರದು. ಮೂಗುಗಂಟಲುಗಳ ದ್ರವದಲ್ಲಿ ವೈರಾಣುವನ್ನೇ ಹುಡುಕಬೇಕು. ಕೊರೋನಾ ಲಸಿಕೆ ಪ್ರತಿಕಾಯವನ್ನು ಹುಟ್ಟಿಸದಿದ್ದರೂ ಟಿ ಜೀವಕೋಶಗಳನ್ನು ಎಚ್ಚರಿಸುವುದರಿಂದ ಅದು ಇವರಿಗೂ ಪ್ರಯೋಜನಕರ. ಸಜೀವ ವೈರಾಣುವುಳ್ಳ ಲಸಿಕೆಗಳ ಮಾತು ಬೇರೆ; ಬಾಯಿಗೆ ಹಾಕುವ ಪೋಲಿಯೊ ಹನಿಯನ್ನು ಬ್ರೂಟನ್ ರೋಗದ ಮಗುವಿಗೆ ಕೊಡಲಾಗದು.

ನಮ್ಮ ದೇಶದಲ್ಲಿ 2021ರಲ್ಲಿ ಜಾರಿಗೆ ಬಂದ ಅಪರೂಪದ ವ್ಯಾಧಿಗಳ ರಾಷ್ಟ್ರೀಯ ನೀತಿಯಲ್ಲಿ ಇಂತಹ ಹಲವು ನ್ಯೂನತೆಗಳು ಸೇರಿವೆ. ಚಿಕಿತ್ಸೆಗೆ ಸರ್ಕಾರವು ನೀಡುವ ನೆರವಿನ ಮಿತಿಯನ್ನು 2022ರಲ್ಲಿ 50 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಈ ವ್ಯಾಧಿಗಳ ಚಿಕಿತ್ಸೆಗೆ ನಿಯುಕ್ತವಾಗಿವೆ. ಆದರೆ ರೋಗವೇ ಪತ್ತೆಯಾಗದಿದ್ದರೆ ಯಾವ ನೀತಿಯಿಂದ ಏನು ಫಲ? ಆದುದರಿಂದ, ತಾಯಿತಂದೆಗಳೇ, ನಿಮ್ಮ ಮಗುವಿಗೆ ಒಂದೇ ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ ಬಂದರೆ, ಕಿವಿ ಸೋರುವುದು ನಿಲ್ಲದಿದ್ದರೆ, ಅಥವಾ ಮಗುವಿನ ಸೋದರಮಾವಂದಿರಲ್ಲಿ ಯಾರಾದರೂ ಎಳವೆಯಲ್ಲಿಯೇ ನಂಜೇರಿ ತೀರಿಕೊಂಡಿದ್ದರೆ, ಅದನ್ನು ಹಣೆಬರಹವೆಂದು ಕೈಬಿಡದೆ ವೈದ್ಯರಿಗೆ ತಿಳಿಸಿರಿ, ರಕ್ತದಲ್ಲಿ ಇಮ್ಯುನೊಗ್ಲಾಬ್ಯುಲಿನ್ ಎಷ್ಟಿದೆಯೆಂದು ಪರೀಕ್ಷಿಸುವಂತೆ ಕೇಳಿರಿ.