ಇವೆರಡರಲ್ಲಿ ನೀರಿನ ಪ್ರಾಣಿ ಯಾವುದು?

ಇವತ್ತಿನ ವಿಷಯ ಕೇಳಿ ಕೆಲವರು ಮುಗುಳ್ನಕ್ಕಿರಿ. ನಗಬೇಕಾದ್ದೇ. 30 ಮೀಟರಿನವರೆಗೂ ಬೆಳೆಯುವ ನೀಲಿ ತಿಮಿಂಗಿಲ ಎಲ್ಲಿ, ಭತ್ತದ ಗದ್ದೆಯ ಬದುವಿನಲ್ಲಿ ಹುಲ್ಲೆಸಳಿಗೆ ಅಂಟಿ ಕೂರುವ 2 ಸೆಂಟಿಮೀಟರಿನ ಅಗ್ರಿಯೊಕ್ನೆಮಿಸ್ ಪಿಗ್ಮಿಯಾ ಎಲ್ಲಿ! ಇದೊಂದು ಡ್ಯಾಮ್ಸೆಲ್‌ಫ್ಲೈ. ಮಕ್ಕಳು ಏರೋಪ್ಲೇನ್ ಚಿಟ್ಟೆ ಅನ್ನುತ್ತಾರಲ್ಲ, ಅದರ ಸಣಕಲು ನಂಟ. ಕೂತಾಗ ರೆಕ್ಕೆಗಳನ್ನು ಬೆನ್ನ ಮೇಲೆ ಜೋಡಿಸಿಕೊಳ್ಳುತ್ತದೆ.

ಗಾತ್ರವನ್ನೇ ಹೋಲಿಸುತ್ತಾ ಕೂತರೆ ಬೆರಗು ಬಿಟ್ಟು ಬೇರೇನೂ ದಕ್ಕದು. ನನ್ನ ಪ್ರಶ್ನೆ ಬೇರೆ: ಇವೆರಡರಲ್ಲಿ ನೀರಿನ ಪ್ರಾಣಿ ಯಾವುದು?

ತಿಮಿಂಗಿಲ ಹುಟ್ಟುವುದೂ ಸಾಯುವುದೂ ನೀರಲ್ಲೇ. ಆದರೂ ಆ ನೀರಿನಿಂದ ಒಂದು ಉಸಿರನ್ನೂ ಅದು ಪಡೆಯಲಾರದು, ಯಾಕೆಂದರೆ ಅದರ ಪೂರ್ವಜರು ನೆಲದವರು. ಇದಕ್ಕೊಂದು ಸಾಕ್ಷಿ ಸಿಕ್ಕಿದ್ದು ನಮ್ಮ ದೇಶದಲ್ಲೇ. ಜಮ್ಮುವಿನ ಕಾಲಾಕೋಟ್ ಬಳಿ ಭೂವಿಜ್ಞಾನಿ ಎ. ರಂಗರಾವ್ ಕಲ್ಲುಗಳನ್ನು ಕೂಡಿಟ್ಟಿದ್ದರು. ಅವರ ಕಾಲಾನಂತರ ಅವನ್ನು ಬಿಡಿಸಿ ನೋಡಿದಾಗ ಇಂಡೋಹಯಸ್ ಎಂಬ ಪುಟ್ಟ ಗೊರಸಿನ ಪ್ರಾಣಿಯ ಕಿವಿಯ ಮೂಳೆ ತಿಮಿಂಗಿಲದ್ದರಂತೆಯೇ ದಪ್ಪಗಿರುವುದು ಕಂಡಿತು. ಪಳೆಯುಳಿಕೆ ತಜ್ಞ ಹಾನ್ಸ್ ಥೆವಿಸನ್ ತಂಡ ಇದನ್ನು ಪ್ರಕಟಿಸಿದ್ದು 2007ರಲ್ಲಿ. ಅಂತೂ ತಿಮಿಂಗಿಲದ ಕುಲ ನೆಲ ಬಿಟ್ಟಿತು, ಶ್ವಾಸಕೋಶ ಬಿಡಲಿಲ್ಲ. ಹಾಗಾಗಿ ಮುಳುಗಿದಾಗಲೆಲ್ಲ ಆಮ್ಲಜನಕದ ಉಳಿತಾಯ ಮಾಡಬೇಕು. ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಒಂದು ನೀಲಿ ತಿಮಿಂಗಿಲದ ಎದೆಬಡಿತ ಅಳೆದರು. 2019ರಲ್ಲಿ ಹೊರಬಂದ ಆ ಲೆಕ್ಕದಂತೆ ಆಳದಲ್ಲಿ ಅದು ನಿಮಿಷಕ್ಕೆ 2ಕ್ಕೂ ಇಳಿದಿತ್ತು, ಮೇಲೆ ಬಂದಾಗ 37ಕ್ಕೆ ಏರಿತ್ತು.

ಗದ್ದೆಯ ಹುಳುವಿನ ಕತೆ ತಿರುಗುಮುರುಗು. ಅದರ ಮರಿಗೆ ಬಾಲದ ತುದಿಯಲ್ಲಿ ಎಲೆಯಾಕಾರದ ಮೂರು ಕಿವಿರುಗಳು. ನಿಂತ ನೀರಿನಿಂದಲೇ ಆಮ್ಲಜನಕ. ಕೆಳದುಟಿಯನ್ನು ಮುಖದಡಿ ಮಡಚಿಟ್ಟುಕೊಂಡಿದ್ದು, ಸೊಳ್ಳೆಮರಿ ಸುಳಿದರೆ ಚಾಚಿ ಹಿಡಿಯುತ್ತದೆ. ಬೆಳೆದ ಮೇಲೆ ಪೈರು ಹತ್ತಿ, ಪೊರೆ ಬಿಟ್ಟು ಹಾರುತ್ತದೆ. ಆಮೇಲೆ ಅದರ ಉಸಿರಾಟಕ್ಕೆ ಮೈಯುದ್ದಕ್ಕೂ ಇರುವ ರಂಧ್ರಗಳು, ಒಳಗೆ ಕವಲೊಡೆದ ಕೊಳವೆಗಳು. ಶ್ವಾಸಕೋಶವಿಲ್ಲ, ಆಮ್ಲಜನಕ ಹೊರುವ ಕೆಲಸ ರಕ್ತಕ್ಕಿಲ್ಲ. ಈ ಏರ್ಪಾಡು ಪುಟ್ಟ ಮೈಗೆ ಸೊಗಸು, ದೊಡ್ಡದಕ್ಕೆ ಸಾಲದು.

ಆದರೂ ಸುಮಾರು 30 ಕೋಟಿ ವರ್ಷಗಳ ಹಿಂದೆ ಈ ಹುಳುವಿನ ದೂರದ ಬಂಧು ಮೆಗಾನ್ಯೂರಾ ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ 65 ಸೆಂಟಿಮೀಟರಿನಷ್ಟಿತ್ತು. ಆಗ ಗಾಳಿಯಲ್ಲಿ ಆಮ್ಲಜನಕ ಹೆಚ್ಚಿತ್ತು, ಅದೇ ಕಾರಣ ಎನ್ನುವವರಿದ್ದಾರೆ. ಹಿಡಿದು ತಿನ್ನಲು ಹಕ್ಕಿಗಳೇ ಇರಲಿಲ್ಲವಲ್ಲ ಎನ್ನುವವರೂ ಇದ್ದಾರೆ. ಎರಡೂ ಸೇರಿರಬೇಕು ಅಂತ ನನಗನಿಸುತ್ತದೆ.

ನೀಲಿ ತಿಮಿಂಗಿಲ ನಮಗೆ ತೀರಾ ದೂರದ್ದೇನಲ್ಲ. ಲಕ್ಷದ್ವೀಪದ ಕವರತ್ತಿ ಬಳಿ ನೀರೊಳಗೆ ಧ್ವನಿಮುದ್ರಣ ಮಾಡಿದಾಗ ಅದರ ಹಾಡು ಸಿಕ್ಕಿದೆ. ಕಣ್ಣಿಗೆ ಬೀಳುವ ಭಾಗ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆಯೋ. ಇನ್ನೊಂದನ್ನು ನೋಡಲು ಮಳೆ ಹಿಂಜರಿದ ಮೇಲೆ ಗದ್ದೆಯ ಬದುವಿನಲ್ಲಿ ಕುಕ್ಕರುಗಾಲಲ್ಲಿ ಕೂತರಾಯಿತು. ಔಷಧಿ ಹೊಡೆಯದ ಗದ್ದೆಯನ್ನೇ ಆರಿಸಿಕೊಳ್ಳಿ. ಗಂಡಿನ ಬಾಲದ ತುದಿ ಇಟ್ಟಿಗೆಗೆಂಪು, ಅದನ್ನೇ ಹುಡುಕಿ.