ಎದೆಯೊಳಗಿನ ಯಂತ್ರ ಮತ್ತು ಅಜ್ಜಿಯ ಮಾತ್ರೆ

(ವಾಚನಾಲಯವೊಂದರ ಸಂಜೆಯ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ವೈದ್ಯನಲ್ಲ. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿಕೊಂಡು ವರದಿಗಾರನಾದವನು. ಹೃದಯದ ಬಗ್ಗೆ ನಿಮ್ಮೆದುರು ಮಾತನಾಡಲು ನನಗಿರುವ ಕಾರಣ ನಮ್ಮ ಅಜ್ಜಿ. ಕೆಲವು ವರ್ಷಗಳ ಹಿಂದೆ ನಾಡಿ ತೀರಾ ನಿಧಾನವಾಗಿ ಅವರು ತಲೆಸುತ್ತಿ ಬೀಳತೊಡಗಿದರು. ವೈದ್ಯರು ಪೇಸ್‌ಮೇಕರ್ ಅಳವಡಿಸಿದರು. ಮನೆಯವರೆಲ್ಲ ನೆಮ್ಮದಿಯ ಉಸಿರು ಬಿಟ್ಟೆವು. ಆಮೇಲೊಂದು ದಿನ ಅಜ್ಜಿ, 'ಎದೆಯಲ್ಲಿ ಮಿಷನ್ನೇ ಇದೆಯಲ್ಲ, ಇನ್ನು ಈ ರಕ್ತ ತೆಳುವಾಗಿಸುವ ಮಾತ್ರೆ ಯಾಕೆ?' ಎಂದರು. ನಾವೂ ಹೌದಲ್ಲ ಎಂದೆವು. ಮೂರನೇ ತಿಂಗಳಲ್ಲಿ ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಯಂತ್ರ ಮಾತ್ರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು.

ಹಾಗಾದರೆ ಆ ಯಂತ್ರದ ಕೆಲಸ ಯಾವುದು? ಯಾವುದು ಅದರ ಕೆಲಸವಲ್ಲ? ಅಜ್ಜಿಯ ಹಾಸಿಗೆಯ ಪಕ್ಕ ಕುಳಿತು ಕೇಳಿಕೊಂಡ ಈ ಪ್ರಶ್ನೆಗೆ ಸಿಕ್ಕ ಉತ್ತರವೇ ಇಂದಿನ ನನ್ನ ಮಾತು.

ಯಕ್ಷಗಾನದಲ್ಲಿ ಭಾಗವತರ ತಾಳ ಹಿಡಿದೇ ಮದ್ದಲೆ, ಹೆಜ್ಜೆ ಎಲ್ಲ ನಡೆಯುತ್ತವೆ. ನಮ್ಮ ಹೃದಯದ ಬಲ ಮೇಲ್ಕೋಣೆಯಲ್ಲೂ ಇಂಥ ಭಾಗವತರೊಬ್ಬರಿದ್ದಾರೆ. ಅದು ಕೆಲವೇ ಮಿಲಿಮೀಟರ್ ಅಗಲದ ಒಂದು ಗಂಟು. ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 60ರಿಂದ 100 ಬಾರಿ ಅಲ್ಲಿಂದ ವಿದ್ಯುತ್ ಮಿಡಿತ ಹೊರಡುತ್ತದೆ. ಮೊದಲು ಮೇಲ್ಕೋಣೆಗಳು, ಬಳಿಕ ಕೆಳಕೋಣೆಗಳು ಸಂಕುಚಿಸುತ್ತವೆ. ಈ ಮಿಡಿತ ಕೆಳಗೆ ತಲುಪದಿದ್ದರೆ ನಾಡಿ ಕುಸಿಯುತ್ತದೆ, ಮನುಷ್ಯ ಪ್ರಜ್ಞೆ ತಪ್ಪಿ ಬೀಳುತ್ತಾನೆ.

ಸ್ವೀಡನ್ನಿನ ಆರ್ನೆ ಲಾರ್ಸನ್ ಅವರಿಗೆ ಆದದ್ದು ಇದೇ. 43ರ ಹರೆಯದ ಆ ಎಂಜಿನಿಯರ್ ಸೋಂಕಿನಿಂದ ಹೃದಯ ಕೆಟ್ಟು ದಿನಕ್ಕೆ ಇಪ್ಪತ್ತು ಮೂವತ್ತು ಸಲ ಪ್ರಜ್ಞೆ ತಪ್ಪುತ್ತಿದ್ದರು. ಹೊರಗಿನಿಂದ ಹೃದಯಕ್ಕೆ ವಿದ್ಯುತ್ ಕೊಡುವ ಯಂತ್ರಗಳು ಆಗಲೇ ಇದ್ದವು. ಆದರೆ ಅವಕ್ಕೆ ಗೋಡೆಯ ಪ್ಲಗ್ ಬೇಕು. 1957ರ ಅಕ್ಟೋಬರ್ 31ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಕರೆಂಟು ಹೋದಾಗ ಇಂಥ ಯಂತ್ರ ಎಷ್ಟು ಅಪಾಯಕಾರಿ ಎಂಬುದು ಎಲ್ಲರಿಗೂ ಮನವರಿಕೆಯಾಯಿತು. ಕರೆಂಟು ಹೋಗುವುದೆಂದರೇನೆಂದು ನಮಗೆ ವಿವರಿಸಿ ಹೇಳಬೇಕಿಲ್ಲ! ಅಲ್ಲಿನ ಅರ್ಲ್ ಬ್ಯಾಕನ್ ಕೆಲವೇ ವಾರಗಳಲ್ಲಿ ಬ್ಯಾಟರಿಯಿಂದ ನಡೆಯುವ, ಮೈಮೇಲೆ ಧರಿಸುವ ಪೇಸ್‌ಮೇಕರ್ ತಯಾರಿಸಿದರು. ಆದರೂ ತಂತಿ ಚರ್ಮ ತೂರಿ ಒಳಹೋಗಬೇಕು. ಸೋಂಕಿನ ಭಯ ತಪ್ಪಲಿಲ್ಲ.

ಲಾರ್ಸನ್ ಅವರ ಪತ್ನಿ ಎಲ್ಸ್‌-ಮರೀ ಸುಮ್ಮನೆ ಕೂರಲಿಲ್ಲ. ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಮತ್ತು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅವರ ಬೆನ್ನು ಬಿದ್ದರು. ಮನುಷ್ಯರಿಗೆ ಅಳವಡಿಸುವಂಥದ್ದು ಇನ್ನೂ ಸಿದ್ಧವಾಗಿಲ್ಲ ಎಂದರೆ, ಹಾಗಿದ್ದರೆ ಸಿದ್ಧಮಾಡಿ ಎಂದು ಪಟ್ಟು ಹಿಡಿದರು. ಎಲ್ಮ್‌ಕ್ವಿಸ್ಟ್ ಬೂಟು ಪಾಲಿಶ್ ಡಬ್ಬಿಯನ್ನೇ ಅಚ್ಚು ಮಾಡಿಕೊಂಡು, ಸರ್ಕ್ಯೂಟನ್ನು ರಾಳದಲ್ಲಿ ಎರಕ ಹೊಯ್ದರು. 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮ್ ಬಳಿಯ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಅದು ಲಾರ್ಸನ್ ಅವರ ದೇಹ ಸೇರಿತು. ಕೆಲವೇ ಗಂಟೆ ನಡೆದು ನಿಂತಿತು. ಬದಲಿಗೆ ಹಾಕಿದ್ದೂ ಬಹಳ ಕಾಲ ಬಾಳಲಿಲ್ಲ. ಆದರೆ ಲಾರ್ಸನ್ ಬಾಳಿದರು! ಜೀವಮಾನದಲ್ಲಿ 26 ಪೇಸ್‌ಮೇಕರುಗಳನ್ನು ಬದಲಿಸಿ, ತನ್ನನ್ನು ಉಳಿಸಿದ ಇಬ್ಬರಿಗಿಂತಲೂ ಹೆಚ್ಚು ಕಾಲ ಬದುಕಿ, 2001ರಲ್ಲಿ 86ನೇ ವಯಸ್ಸಿನಲ್ಲಿ ತೀರಿಕೊಂಡರು. ಅದೂ ಹೃದಯದಿಂದಲ್ಲ, ಕ್ಯಾನ್ಸರ್‌ನಿಂದ.

1972ರಲ್ಲಿ ಬಂದ ಲಿಥಿಯಂ ಬ್ಯಾಟರಿ ಯಂತ್ರದ ಆಯುಸ್ಸನ್ನು ಹೆಚ್ಚಿಸಿತು. ಇಂದು ತಂತಿಯೇ ಇಲ್ಲದ, ಮಾತ್ರೆಯಾಕಾರದ ಪೇಸ್‌ಮೇಕರ್ ಕೂಡ ಇದೆ. ಆದರೆ ಪೇಸ್‌ಮೇಕರ್‌ನ ಮೂಲ ಕೆಲಸ ಬದಲಾಗಿಲ್ಲ: ಬಡಿತ ತಡವಾದರೆ ಒಂದು ಮಿಡಿತ ಕೊಡುವುದು.

ಕೆಳಕೋಣೆಗಳು ಹುಚ್ಚೆದ್ದು ಓಡಿ ಕ್ಷಣದಲ್ಲಿ ಪ್ರಾಣ ಹೋಗುವ ಅಪಾಯವಿರುವವರಿಗೆ ಬೇರೆಯೇ ಯಂತ್ರ ಬೇಕು. ತನ್ನ ಗುರು ಹಾಗೆ ತೀರಿಕೊಂಡದ್ದನ್ನು ಮರೆಯಲಾಗದ ಪೋಲೆಂಡ್ ಮೂಲದ ವೈದ್ಯ ಮಿಶೆಲ್ ಮಿರೋವ್‌ಸ್ಕಿ, ಶಾಕ್ ಕೊಟ್ಟು ತಾಳಕ್ಕೆ ತರುವ ಡಿಫಿಬ್ರಿಲೇಟರ್ ರೂಪಿಸಿದರು. ಅದನ್ನು 1980ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಅಳವಡಿಸಲಾಯಿತು.

ಇನ್ನು ಅಜ್ಜಿಯ ವಿಷಯ. ಅವರ ನಾಡಿ ನಿಧಾನವಷ್ಟೇ ಆಗಿರಲಿಲ್ಲ, ಆಗಾಗ ತಾಳ ತಪ್ಪುತ್ತಲೂ ಇತ್ತು. ವೈದ್ಯರು ಇದನ್ನು ಏಟ್ರಿಯಲ್ ಫಿಬ್ರಿಲೇಶನ್ ಎನ್ನುತ್ತಾರೆ. ಮೇಲ್ಕೋಣೆಗಳಲ್ಲಿ ನಿಮಿಷಕ್ಕೆ 300ಕ್ಕೂ ಹೆಚ್ಚು ಮಿಡಿತಗಳು ಅಡ್ಡಾದಿಡ್ಡಿ ಓಡುತ್ತವೆ. ಗೋಡೆಗಳು ಸಂಕುಚಿಸುವ ಬದಲು ಬರೀ ನಡುಗುತ್ತವೆ. ಹರಿಯುವ ನೀರಿಗೆ ಪಾಚಿ ಕಟ್ಟದು, ನಿಂತ ನೀರಿಗೆ ಕಟ್ಟುತ್ತದೆ. ಎಡ ಮೇಲ್ಕೋಣೆಗೆ ಅಂಟಿಕೊಂಡು ಕಿರುಬೆರಳಿನಂಥ ಒಂದು ಚೀಲವಿದೆ. ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಹೆಪ್ಪಿನ ಚೂರು ಕಳಚಿ ಮಿದುಳಿನ ರಕ್ತನಾಳಕ್ಕೆ ಅಡ್ಡ ನಿಂತರೆ ಅದೇ ಪಾರ್ಶ್ವವಾಯು, ನಮ್ಮವರು ಲಕ್ವ ಎನ್ನುವುದು. ಈ ತೊಂದರೆಯುಳ್ಳವರಿಗೆ ಅದರ ಅಪಾಯ ಉಳಿದವರಿಗಿಂತ ಸುಮಾರು ಐದು ಪಟ್ಟು.

ಪೇಸ್‌ಮೇಕರ್ ಈ ನಡುಕವನ್ನು ದಾಖಲಿಸಿಕೊಳ್ಳಬಹುದು. ಆದರೆ ಹೆಪ್ಪನ್ನು ತಡೆಯಲಾರದು. ತಡೆಯುತ್ತಿದ್ದುದು ನಾವು ಬೇಡವೆಂದ ಆ ಮಾತ್ರೆ.

ರಕ್ತಸ್ರಾವದ ಭಯದಿಂದ ಆ ಮಾತ್ರೆಯನ್ನು ಬಹುಕಾಲ ತೆಗೆದುಕೊಳ್ಳಲಾಗದವರಿಗೆ ಇಂದು ಇನ್ನೊಂದು ದಾರಿಯಿದೆ. ತೊಡೆಯ ಅಭಿಧಮನಿಯ ಮೂಲಕ ನಳಿಕೆ ಸೇರಿಸಿ, ಕೊಡೆಯಂತೆ ಅರಳುವ ಪುಟ್ಟ ಸಾಧನವನ್ನು ಆ ಚೀಲದ ಬಾಯಿಗೆ ಬಿರಡೆಯಂತೆ ಕೂರಿಸುತ್ತಾರೆ. ಕ್ರಮೇಣ ಅದರ ಮೇಲೆ ಅಂಗಾಂಶ ಬೆಳೆದು ಚೀಲ ಮುಚ್ಚಿಹೋಗುತ್ತದೆ. ವಾಚ್‌ಮನ್ ಎಂಬ ಇಂಥ ಸಾಧನಕ್ಕೆ 2015ರಲ್ಲಿ ಅಮೆರಿಕದ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿತು. ಆದರೆ ಇದು ತಾಳವನ್ನು ಸರಿಪಡಿಸುವುದಿಲ್ಲ. ಅಳವಡಿಸಿದ ಮೇಲೂ ಕೆಲಕಾಲ ಔಷಧ ಬೇಕೇ ಬೇಕು. ರುಮ್ಯಾಟಿಕ್ ಜ್ವರದಿಂದ ಕವಾಟ ಕಿರಿದಾದವರಿಗೆ, ನಮ್ಮಲ್ಲಿ ಅಂಥವರು ಬಹಳ ಮಂದಿ, ಇದು ತಕ್ಕುದಲ್ಲ.

ಒಂದು ಯಂತ್ರ ನಿಧಾನಕ್ಕೆ, ಒಂದು ಹುಚ್ಚು ಓಟಕ್ಕೆ, ಮತ್ತೊಂದು ಹೆಪ್ಪಿಗೆ. ನಮ್ಮ ಬಾಯಲ್ಲಿ ಮಾತ್ರ ಎಲ್ಲವೂ 'ಮಿಷನ್'. ಆ ಒಂದೇ ಪದ ನಮ್ಮ ಮನೆಯನ್ನು ಕೆಡಿಸಿತು.

ಆದ್ದರಿಂದ ನಿಮ್ಮಲ್ಲಿ ಒಂದು ಕೇಳಿಕೆ. ಇಂದು ಮನೆಗೆ ಹೋದ ಮೇಲೆ ಹಿರಿಯರ ಮಣಿಕಟ್ಟಿನ ಮೇಲೆ ಬೆರಳಿಟ್ಟು ಒಂದು ನಿಮಿಷ ನಾಡಿ ನೋಡಿ. ತಾಳ ತಪ್ಪುತ್ತಿದೆ ಎನಿಸಿದರೆ ಇಸಿಜಿ ಮಾಡಿಸಿ. ಎದೆಯಲ್ಲಿ ಈಗಾಗಲೇ ಸಾಧನವಿದ್ದರೆ ವೈದ್ಯರನ್ನು ಕೇಳಿ: ಇದು ಯಾವುದಕ್ಕೆ? ಯಾವುದಕ್ಕೆ ಅಲ್ಲ? ಯಾವ ಮಾತ್ರೆ ನಿಲ್ಲಿಸಬಾರದು?

ಅಜ್ಜಿಗೆ ಈಗ ಒಂದೊಂದೇ ಮಾತು ಬರುತ್ತಿದೆ. ರಾತ್ರಿ ಊಟವಾದ ಮೇಲೆ ಎಡಗೈ ಚಾಚುತ್ತಾರೆ, ನಾನು ಮಾತ್ರೆ ಇಡುತ್ತೇನೆ. ಯಾಕೆ ಎಂದು ಈಗ ಅವರು ಕೇಳುವುದಿಲ್ಲ. ಅಂದು ಕೇಳಿದಾಗ ಸರಿಯಾದ ಉತ್ತರ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.