ಎಡಕ್ಕೆ, ಬಲಕ್ಕೆ ಎನ್ನಬೇಕಿಲ್ಲ

ಮನೆಗೆ ಹೊಸ ಡೆಸ್ಕ್‌ಟಾಪ್ ಕಂಪ್ಯೂಟರ್ ಬಂದರೆ ಅದನ್ನು ಸಜ್ಜುಗೊಳಿಸುವುದರಲ್ಲೇ ಒಂದು ಭಾನುವಾರ ಹೋಗಿಬಿಡುತ್ತದೆ. ಬ್ರೌಸರ್ ಹಾಕು, ಕನ್ನಡ ಫಾಂಟ್ ಹಾಕು, ಪ್ರಿಂಟರ್ ಜೋಡಿಸು. ಆರು ತಿಂಗಳಾದ ಮೇಲೆ ಅಂದು ಏನೇನು ಮಾಡಿದ್ದೆವು ಎಂದು ಕೇಳಿ, ಒಬ್ಬರಿಗೂ ನೆನಪಿರುವುದಿಲ್ಲ. ಡಿಸ್ಕ್ ಕೆಟ್ಟರೆ ಎಲ್ಲ ಮತ್ತೆ ಮೊದಲಿನಿಂದ.

ಆಟೋ ಹತ್ತಿದಾಗ ನೀವು "ಇಲ್ಲಿ ಎಡಕ್ಕೆ ತಗೊಳ್ಳಿ, ಸಿಗ್ನಲ್ ದಾಟಿ ಬಲಕ್ಕೆ" ಎಂದು ಹೇಳುತ್ತಾ ಹೋಗಬಹುದು. "ಗಾಂಧಿ ಬಜಾರ್‌ಗೆ ಬಿಡಿ" ಎಂದು ಹೇಳಿ ಸುಮ್ಮನೆ ಕೂರಲೂಬಹುದು. ಹೊರಟ ಜಾಗ ಬೇರೆಯಾದರೆ ಮೊದಲನೆಯ ಮಾತು ದಾರಿ ತಪ್ಪಿಸುತ್ತದೆ. ಎರಡನೆಯದು ಎಲ್ಲಿಂದ ಹೊರಟರೂ ಸರಿಯೇ. ಕಂಪ್ಯೂಟರಿಗೂ ಹಾಗೆಯೇ, ಏನು ಮಾಡಬೇಕೆಂದು ಹೇಳದೆ, ಕೊನೆಗೆ ಹೇಗಿರಬೇಕೆಂದಷ್ಟೇ ಹೇಳಲು ಬರುವಂತಿದ್ದರೆ?

ಬರುತ್ತದೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಏಲ್ಕೋ ಡೋಲ್ಸ್ಟ್ರಾ ಎಂಬ ಸಂಶೋಧಕರು 2003ರಲ್ಲಿ ತಂತ್ರಾಂಶಗಳನ್ನು ಹಾಕಿ ನೋಡಿಕೊಳ್ಳುವ ನಿಕ್ಸ್ ಎಂಬ ಸಾಧನ ಕಟ್ಟಲು ತೊಡಗಿದರು. ಅದರ ಮೇಲೆ ನಿಂತ ಲಿನಕ್ಸ್ ವ್ಯವಸ್ಥೆಯೇ ನಿಕ್ಸ್‌ಓಎಸ್. ಇದರಲ್ಲಿ 'ಕಾನ್ಫಿಗರೇಶನ್.ನಿಕ್ಸ್' ಎಂಬ ಒಂದು ಸಾದಾ ಪಠ್ಯಕಡತ ಇರುತ್ತದೆ. ಸಮಯವಲಯ ಏಷ್ಯಾ/ಕೋಲ್ಕತಾ, ಫೈರ್‌ಫಾಕ್ಸ್ ಬೇಕು, ನೋಟೋ ಫಾಂಟ್ ಬೇಕು, ಕನ್ನಡ ಟೈಪ್ ಮಾಡಲು ಐಬಸ್ ಬೇಕು: ಇಂಥ ಸಾಲುಗಳನ್ನು ನಿಕ್ಸ್ ಭಾಷೆಯಲ್ಲಿ ಬರೆದು 'ನಿಕ್ಸ್‌ಓಎಸ್-ರೀಬಿಲ್ಡ್ ಸ್ವಿಚ್' ಎಂಬ ಆಜ್ಞೆ ಕೊಟ್ಟರೆ ಮುಗಿಯಿತು. ಬೇಡವಾದ ತಂತ್ರಾಂಶದ ಸಾಲು ಅಳಿಸಿ ಅದೇ ಆಜ್ಞೆ ಕೊಡಿ, ಅದು ನಿಮ್ಮ ವ್ಯವಸ್ಥೆಯಿಂದ ಹೊರಗೆ.

ನನಗೆ ಬಲು ಇಷ್ಟವಾದ ಭಾಗ ಈಗ ಬರುತ್ತದೆ. ಪ್ರತಿ ತಂತ್ರಾಂಶಕ್ಕೂ ನಿಕ್ಸ್ ತನ್ನ ಉಗ್ರಾಣದಲ್ಲಿ ಬೇರೆಯೇ ಫೋಲ್ಡರ್ ಕೊಡುತ್ತದೆ. ಫೋಲ್ಡರಿನ ಹೆಸರಿನ ಮೊದಲಿಗೆ 32 ಅಕ್ಷರ-ಅಂಕಿಗಳ ಒಂದು ಗುರುತು. ಮೂಲ ಕೋಡ್ ಯಾವುದು, ಕಟ್ಟಿದ್ದು ಯಾವ ಸಾಧನದಿಂದ, ಅದಕ್ಕೆ ಬೇಕಾದ ಬೇರೆ ತಂತ್ರಾಂಶಗಳು ಯಾವುವು ಎಂಬುದನ್ನೆಲ್ಲ ಸೇರಿಸಿ ಲೆಕ್ಕ ಹಾಕಿದ ಗುರುತು ಅದು. ಇವುಗಳಲ್ಲಿ ಒಂದು ಚೂರು ಬದಲಾದರೂ ಗುರುತೇ ಬೇರೆ, ಫೋಲ್ಡರೂ ಬೇರೆ. ಹಾಗಾಗಿ ಒಂದೇ ತಂತ್ರಾಂಶದ ಹಳೆಯದು, ಹೊಸದು ಎರಡೂ ಜಗಳವಾಡದೆ ಇರುತ್ತವೆ. ಅಂದಹಾಗೆ, ಈ ಗುರುತಿನಲ್ಲಿ ಇಂಗ್ಲಿಷಿನ ಇ, ಓ, ಯು, ಟಿ ಅಕ್ಷರಗಳು ಎಂದೂ ಬರುವುದಿಲ್ಲ. ಅಕಸ್ಮಾತ್ತಾಗಿ ಕೆಟ್ಟ ಬೈಗುಳವೊಂದು ಮೂಡಿಬಿಡದಿರಲಿ ಎಂದು ಅವನ್ನು ಕೈಬಿಟ್ಟಿದ್ದಾರೆ!

ಹಳೆಯದನ್ನು ಅಳಿಸದೆ ಪಕ್ಕದಲ್ಲಿ ಹೊಸದನ್ನು ಕಟ್ಟುವುದರಿಂದ ಇನ್ನೊಂದು ಲಾಭವಿದೆ. ಕಟ್ಟುತ್ತಿರುವಾಗಲೇ ಕರೆಂಟ್ ಹೋಯಿತೆನ್ನಿ, ಹಳೆಯ ವ್ಯವಸ್ಥೆ ಇದ್ದಂತೆಯೇ ಇರುತ್ತದೆ. ಹೊಸದರಲ್ಲಿ ಪರದೆ ಕಪ್ಪಾದರೆ ಕಂಪ್ಯೂಟರ್ ಮತ್ತೆ ಆನ್ ಮಾಡಿ. ಶುರುವಿನ ಪಟ್ಟಿಯಲ್ಲಿ ಹಿಂದಿನ ರೂಪಗಳೆಲ್ಲ ಸಾಲಾಗಿ ಕಾಣುತ್ತವೆ. ಅವಕ್ಕೆ ತಲೆಮಾರುಗಳು ಎನ್ನುತ್ತಾರೆ. ನಿನ್ನೆಯದನ್ನು ಆರಿಸಿದರೆ ನಿನ್ನೆಯಂತೆಯೇ ನಡೆಯುತ್ತದೆ. ಆದರೆ ಇವೆಲ್ಲ ಡಿಸ್ಕಿನ ಜಾಗ ತಿನ್ನುತ್ತವೆ, ಆಗಾಗ ಹಳೆಯವನ್ನು ಗುಡಿಸಿ ಹಾಕಬೇಕು.

ನೀವು ಬಿಡಿಸಿದ ಚಿತ್ರ, ಬರೆದ ಪ್ರಬಂಧ ಮಾತ್ರ ಈ ತಲೆಮಾರುಗಳಲ್ಲಿ ಸೇರುವುದಿಲ್ಲ. ಅವಕ್ಕೆ ಬೇರೆ ನಕಲು ಇಟ್ಟುಕೊಳ್ಳಲೇಬೇಕು.

ಒಂದೇ ಕಂಪ್ಯೂಟರಿನಲ್ಲಿ ಬರೀ ಸಿನಿಮಾ ನೋಡುವವರಿಗೆ ಇಷ್ಟೆಲ್ಲ ಕಲಿಯುವುದು ಅತಿಯಾಯಿತು ಎಂದೇ ನನ್ನ ಅನಿಸಿಕೆ. ಶಾಲೆಯ ಲ್ಯಾಬಿನಲ್ಲಿ ಇಪ್ಪತ್ತು ಕಂಪ್ಯೂಟರ್ ಇದ್ದರೆ ಮಾತು ಬೇರೆ. ಯಂತ್ರಾಂಶದ ವಿವರಕ್ಕೆ ಪ್ರತಿ ಯಂತ್ರದಲ್ಲೂ ಪ್ರತ್ಯೇಕ ಕಡತವಿರುತ್ತದೆ. ಉಳಿದದ್ದನ್ನೆಲ್ಲ ಒಂದೇ ಕಡತದಿಂದ ಸಿದ್ಧಪಡಿಸಬಹುದು.

ನಿಕ್ಸ್‌ಓಎಸ್ ಉಚಿತ. ಮಾಡಿ ನೋಡುವ ಆಸೆಯಿದ್ದರೆ ಮೊದಲು, ಕಂಪ್ಯೂಟರಿನೊಳಗೇ ಇನ್ನೊಂದು ತೋರಿಕೆಯ ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್ ಒಳಗೆ ಹಾಕಿಕೊಂಡು ಆಡಿ, ಬೇಕೆಂದೇ ಏನಾದರೂ ಕೆಡಿಸಿ, ಹಿಂದಿನ ತಲೆಮಾರಿಗೆ ಮರಳಿ. ಮನೆಯ ಕಂಪ್ಯೂಟರಿಗೆ ಮಾತ್ರ ಅಪ್ಪ ಅಮ್ಮನನ್ನು ಕೇಳದೆ ಕೈಹಾಕಬೇಡಿ. ಇಡೀ ಡಿಸ್ಕಿಗೆ ಹಾಕಲು ಹೊರಟರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ.